ಕಥೆಗಾರರಿಗೆ ತೋಟದಲ್ಲೇನು ಕೆಲಸ?



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಗೊಬ್ಬರದ ಬಾಕಿ, ಮೈಲುತುತ್ತದ ದರ ಎಲ್ಲ ಮುಗಿದ ಮೇಲೆ ನಾನೊಂದು ಪತ್ರ ಓದಿದೆ. ಬರೆದವರು ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದು ಈಗ ಬಂಗಾರಪೇಟೆಯಲ್ಲಿರುವ ಒಬ್ಬ ಹೆಣ್ಣುಮಗಳು. ಮನೆಮಾತು ತಮಿಳು, ಬರೆಯುವುದು ಕನ್ನಡದಲ್ಲಿ. ಹವಾಮಾನದ ಏರುಪೇರನ್ನು ಕುರಿತು ಕಾದಂಬರಿ ಬರೆಯುತ್ತಿದ್ದಾರಂತೆ. ಯಾರದಾದರೂ ತೋಟದಲ್ಲಿ ಎರಡು ತಿಂಗಳು ಉಳಿಯಲು ಒಂದು ಕೋಣೆ ಬೇಕಂತೆ. ಸಭೆಯಲ್ಲಿ ನಗೆ ಎದ್ದಿತು. "ಕಾಫಿ ಕೊಯ್ಯಲು ಆಳಿಲ್ಲ, ಕಥೆ ಬರೆಯುವವರನ್ನು ಕಟ್ಟಿಕೊಂಡು ಏನು ಮಾಡೋಣ ಸೆಕ್ರೆಟರಿಗಳೆ?" ಎಂದರು ಹಿರಿಯ ನಿರ್ದೇಶಕರೊಬ್ಬರು. ನಾನೂ ನಕ್ಕೆ. ಆದರೆ ಉತ್ತರ ಬರೆಯಬೇಕಾದವನು ನಾನೇ ಆದ್ದರಿಂದ ವಿಷಯವನ್ನು ಸ್ವಲ್ಪ ವಿಚಾರಿಸಿದೆ. ತಿಳಿದದ್ದನ್ನು ಇಲ್ಲಿ ಅರಿಕೆ ಮಾಡುತ್ತಿದ್ದೇನೆ.

ಬರಹಗಾರರಿಗೆ ಊಟ ವಸತಿ ಕೊಟ್ಟು ಕೆಲವು ವಾರ ನೆಮ್ಮದಿಯಾಗಿ ಇರಗೊಡುವ ಪದ್ಧತಿ ಹೊಸದಲ್ಲ. ಬೆಂಗಳೂರಿನ ಬಳಿ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಸಂಗಮ್ ಹೌಸ್ ಎಂಬ ಸಂಸ್ಥೆ ಹಲವು ವರ್ಷ ಇದನ್ನು ನಡೆಸಿತು. ಕಾಡಿನೊಳಗೇ ಇರಿಸುವ ಏರ್ಪಾಟಿಗೆ ಅಮೆರಿಕದ ಆರೆಗನ್ ರಾಜ್ಯದ ಆಂಡ್ರ್ಯೂಸ್ ಪ್ರಾಯೋಗಿಕ ಅರಣ್ಯ ಒಳ್ಳೆಯ ಉದಾಹರಣೆ. 1948ರಲ್ಲಿ ಸ್ಥಾಪನೆಯಾದ ಆ ಕಾಡಿನಲ್ಲಿ ಮಳೆ, ಹಿಮ, ಹಳ್ಳದ ನೀರು ಎಲ್ಲದರ ಲೆಕ್ಕ ಇಡುತ್ತಾರೆ. ಬಿದ್ದ ಮರದ ದಿಮ್ಮಿ ಪೂರ್ತಿ ಕೊಳೆಯಲು ಎಷ್ಟು ಕಾಲ ಬೇಕೆಂದು ನೋಡಲು 1985ರಲ್ಲಿ 200 ವರ್ಷದ ಪ್ರಯೋಗವೊಂದನ್ನು ಶುರು ಮಾಡಿದ್ದಾರೆ! ಅದರ ಜೊತೆಗೇ 2003ರಿಂದ ಕವಿಗಳನ್ನೂ ಕಥೆಗಾರರನ್ನೂ ಕರೆಸಿ ಅದೇ ಕಾಡಿನಲ್ಲಿ ಇರಿಸುತ್ತಿದ್ದಾರೆ. ಇದೂ 2203ರವರೆಗೆ ನಡೆಯಬೇಕೆಂದು ಯೋಜನೆ. 2023ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಬಂದು ಆ ಅರಣ್ಯದ ಬಹುಭಾಗವನ್ನು ಸುಟ್ಟಿತು. ಅದಕ್ಕೆ ಮುಂಚೆ ಬಂದುಹೋದವರು ಬರೆದಿಟ್ಟದ್ದು ಈಗ ಇಲ್ಲದ ಕಾಡಿನ ದಾಖಲೆ.

ಇನ್ನು ಹವಾಮಾನದ ಕಾದಂಬರಿ ಎಂದರೇನು? ಪ್ರಪಂಚ ಇಷ್ಟು ಬದಲಾಗುತ್ತಿದ್ದರೂ ಕಾದಂಬರಿಕಾರರು ಅದನ್ನು ಬಿಟ್ಟು ಬರೆಯುತ್ತಿದ್ದಾರೆಂದು ಅಮಿತಾವ್ ಘೋಷ್ 2016ರಲ್ಲಿ ಒಂದು ಪುಸ್ತಕದಲ್ಲಿಯೇ ಆಕ್ಷೇಪಿಸಿದರು. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಎಂಬ ಅಮೆರಿಕನ್ನರ 2020ರ ಕಾದಂಬರಿ ನಮ್ಮ ಉತ್ತರ ಪ್ರದೇಶದ ಒಂದು ಊರಿನ ಬಿಸಿಗಾಳಿಯಿಂದ ಆರಂಭವಾಗುತ್ತದೆ. ಮೊದಲ ಅಧ್ಯಾಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದೆ ಬರೀ ಸಭೆಗಳು. ನಮ್ಮ ನಡವಳಿ ಪುಸ್ತಕ ಓದಿದಂತಾಯಿತು. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರಿಗೆ ಯಾರೂ ಕೋಣೆ ಕೊಡಬೇಕಾಗಲಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ನಮ್ಮ ಹಾಗೇ ಕಾಫಿ ಬೆಳೆಯುತ್ತ, 1980ರಲ್ಲಿ 'ಕರ್ವಾಲೊ' ಕೊಟ್ಟರು. ಎಲ್ಲರಿಗೂ ತೋಟ ಕೊಳ್ಳಲು ಆಗುತ್ತದೆಯೆ?

ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ರೈಲು ಹತ್ತಿ ಬಂಗಾರಪೇಟೆಗೂ ಹೋಗಿಬಂದೆ. ಆಕೆ ಸ್ಟೇಷನ್ನಿಗೆ ಬಂದಿದ್ದರು. ಆ ಊರಿನ ತಿಳಿನೀರಿನ ಪಾನಿಪುರಿ ಕೊಡಿಸಿ (ನಮ್ಮ ಕಡೆಯ ಹಸಿರು ನೀರಿಗಿಂತ ವಾಸಿ), ಕೆ.ಜಿ.ಎಫ್. ತೋರಿಸಲು ಕರೆದೊಯ್ದರು. ಅವರ ತಂದೆ ಗಣಿಗೆ ಇಳಿಯುತ್ತಿದ್ದವರು. ನೆಲದಿಂದ ಸುಮಾರು 3 ಕಿಲೋಮೀಟರ್ ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ತಂಪುಗಾಳಿ ಇಳಿಸದೆ ಅಲ್ಲಿ ಕೆಲಸ ಸಾಗದು. ನೂರಿಪ್ಪತ್ತು ವರ್ಷ ನಡೆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈಗ ಉಳಿದಿರುವುದು ಸೈನೈಡ್ ದಿಬ್ಬಗಳು. ಗಾಳಿಯ ಕಾಲದಲ್ಲಿ ಅದರ ಧೂಳು ಮನೆಯೊಳಗಿನ ಪಾತ್ರೆಯ ಮೇಲೂ ಕೂರುತ್ತದೆ. ಗಂಡಸರು ಹೆಂಗಸರು ಬೆಳಗಾಗುವ ಮೊದಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬದಲಿಗೆ ಬೆಂಗಳೂರಿನಿಂದ ಬರುವುದು ಕೊಳಚೆ ನೀರು: ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತ ಶುದ್ಧಿ ಮಾಡಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಬಾವಿಯಲ್ಲಿ ನೀರು ಕಂಡಿತೆಂದು ಸಂತೋಷಪಡುವವರೂ ಇದ್ದಾರೆ, ಮೂರನೆಯ ಹಂತದ ಶುದ್ಧಿ ಬೇಕೆಂದು ಜಗಳವಾಡುವವರೂ ಇದ್ದಾರೆ. ಇಬ್ಬರ ಮಾತೂ ಸರಿಯೆಂದು ನನಗೆ ತೋರಿತು.

"ಇಷ್ಟೆಲ್ಲ ಇಲ್ಲೇ ಇರುವಾಗ ನಮ್ಮ ಮಲೆನಾಡಿಗೆ ಯಾಕೆ ಬರಬೇಕಮ್ಮ?" ಎಂದು ಕೇಳಿಯೇಬಿಟ್ಟೆ.

"ನಮ್ಮೂರಲ್ಲಿ ಆಗೋದೆಲ್ಲ ಆಗಿಹೋಗಿದೆ ಸಾರ್. ನಾನು ನೋಡೋ ಹೊತ್ತಿಗೆ ಮುಗಿದಿತ್ತು. ನಿಮ್ಮಲ್ಲಿ ಈಗ ಶುರುವಾಗ್ತಿದೆ" ಎಂದರು.

ನನಗೆ ಮಾತು ಹೊರಡಲಿಲ್ಲ. 2018, 2019ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಜರಿದದ್ದು, 2021ರ ನವೆಂಬರಿನಲ್ಲಿ ಹಣ್ಣು ಗಿಡದಲ್ಲೇ ಒಡೆದು ಕಣದಲ್ಲಿದ್ದದ್ದು ಬೂಷ್ಟು ಹಿಡಿದದ್ದು, ಅಡಿಕೆಗೆ ಎಲೆಚುಕ್ಕಿ ಬಂದು ಸೋಗೆ ಒಣಗುತ್ತಿರುವುದು ತಮಗೆ ನಾನು ಹೇಳಬೇಕಾಗಿಲ್ಲ. ಹೂಮಳೆ ಬಂದರೆ ಹಿಂಬಾಲಿಸುವ ಮಳೆ ಇಲ್ಲ. ಅದೂ ಬಂದರೆ ಕೊಯ್ಲಿನ ದಿನವೂ ಬಿಡುವುದಿಲ್ಲ.

ಆಮೇಲೆ ಆಕೆ ಕೇಳಿದ ಪ್ರಶ್ನೆ ಒಂದೇ. "ನಿಮ್ಮ ತೋಟದ ಹಳೆಯ ಮಳೆ ಲೆಕ್ಕ ಇದೆಯಾ ಸಾರ್?"

ನಮ್ಮ ತಂದೆಯವರು ದಿನಾ ಬೆಳಗ್ಗೆ ಮಳೆ ಮಾಪಕ ನೋಡಿ ಇಂಚು ಸೆಂಟು ಬರೆದಿಡುತ್ತಿದ್ದರು. ಪಕ್ಕದಲ್ಲಿ ಒಂದು ಸಾಲು: ಹೂ ಅರಳಿತು, ಸೇತುವೆ ಹೋಯಿತು, ಹಸು ಕರು ಹಾಕಿತು. ಮೂವತ್ತು ವರ್ಷದ ಪುಸ್ತಕಗಳು. ಅವರು ತೀರಿಕೊಂಡ ಮೇಲೆ ಮನೆ ರಿಪೇರಿಯ ಗಡಿಬಿಡಿಯಲ್ಲಿ ಹಳೆಯ ಪೇಪರುಗಳ ಜೊತೆ ಗುಜರಿಯವನಿಗೆ ತೂಗಿ ಕೊಟ್ಟವನು ನಾನೇ. ಇದನ್ನು ಆಕೆಗೆ ಹೇಳಲು ನಾಚಿಕೆಯಾಯಿತು, ಹೇಳಿದೆ.

ಸದಸ್ಯರೊಬ್ಬರು ತಮ್ಮ ಖಾಲಿ ಲೈನ್ ಮನೆ ಕೊಡಲು ಒಪ್ಪಿದ್ದಾರೆ. ಬರುವುದಾದರೆ ಜೂನ್, ಜುಲೈ ತಿಂಗಳಲ್ಲೇ ಬರಬೇಕೆಂದು ಬರೆದಿದ್ದೇನೆ. ಡಿಸೆಂಬರಿನ ಬಿಸಿಲು ನೋಡಲು ಪ್ರವಾಸಿಗಳಿದ್ದಾರೆ. ಜಿಗಣೆ, ಕರೆಂಟು ಎರಡರ ವಿಷಯವನ್ನೂ ಮುಚ್ಚಿಡದೆ ತಿಳಿಸಿದ್ದೇನೆ. ಸಂಘದ ಹಣ ಇದಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ.

ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಮಳೆ ಪುಸ್ತಕಗಳಿದ್ದರೆ ಮೇ ಕೊನೆಯೊಳಗೆ ಕಚೇರಿಗೆ ತರಬೇಕೆಂದು ಕೋರುತ್ತೇನೆ. ಪುಟಗಳ ಫೋಟೋ ತೆಗೆದುಕೊಂಡು ರಸೀದಿಯೊಂದಿಗೆ ಹಿಂದಿರುಗಿಸಲಾಗುವುದು. ಗೆದ್ದಲು ಅರ್ಧ ತಿಂದಿದ್ದರೂ ಅಡ್ಡಿಯಿಲ್ಲ.

— ಕಾರ್ಯದರ್ಶಿ