ಮನೆಯ ಶೆಡ್ಡಿಗೊಂದು ಮಿಲ್ಲಿಂಗ್ ಮೆಷಿನ್

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದೊಳಗೆ ಕಾಲಿಟ್ಟ ಟರ್ನರ್ ಯಾರೇ ಆಗಲಿ, ಶಿಲ್ಪಕ್ಕಿಂತ ಮೊದಲು ಕಂಬ ನೋಡುತ್ತಾನೆ. ಬಳಪದ ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ತೆಗೆದ ಆ ಚೂಪು ಅಂಚಿನ ಉಂಗುರಗಳು ಅವನಿಗೆ ಪರಿಚಿತವೇ. ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಡುಸಾಗುತ್ತದೆ. 12ನೇ ಶತಮಾನದಲ್ಲಿ ಅಂಥ ಕೆಲಸ ಸಾಧ್ಯವಾಗಿದ್ದಕ್ಕೆ ಅದೂ ಒಂದು ಕಾರಣ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಇನ್ನೊಂದು ಜಾತಿಯ ಕಂಬಗಳೂ ಇವೆ. ಅವು ದುಂಡಗಿಲ್ಲ, ಸುತ್ತಲೂ ಮೂಲೆಗಳಿರುವ ನಕ್ಷತ್ರಾಕಾರದವು. ಎಷ್ಟು ತಿರುಗಿಸಿದರೂ ಲೇತ್‌ನಲ್ಲಿ ಮೂಲೆ ಹುಟ್ಟುವುದಿಲ್ಲ. ಅಲ್ಲಿ ಕಲ್ಲನ್ನು ನಿಲ್ಲಿಸಿ ಉಳಿಯನ್ನೇ ಆಡಿಸಬೇಕು.

ಲೋಹದ ಕೆಲಸದಲ್ಲೂ ಭೇದ ಇಷ್ಟೇ. ಲೇತ್‌ನಲ್ಲಿ ಜಾಬ್ ತಿರುಗುತ್ತದೆ, ಟೂಲ್ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಕಟ್ಟರ್ ತಿರುಗುತ್ತದೆ, ಜಾಬ್ ಟೇಬಲ್ ಮೇಲೆ ಕೂತು ಅದರ ಕೆಳಗೆ ನೇರವಾಗಿ ಸಾಗುತ್ತದೆ. ಚಪ್ಪಟೆ ಮುಖ, ಗಾಡಿ, ಮೂಲೆ, ಹಲ್ಲು ಎಲ್ಲ ಮಿಲ್ಲಿಂಗ್ ಪಾಲಿನವು.

ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟ, ಬೋರ್‌ವೆಲ್, ಕಾಯಿ ಸುಲಿಯುವ ಯಂತ್ರ, ಪವರ್ ಟಿಲ್ಲರ್ ಇರುವ ಮನೆಯ ಹಿಂದೆ ಒಂದು ಶೆಡ್ ಇರುವುದು ಹೊಸದೇನಲ್ಲ. ವೆಲ್ಡಿಂಗ್ ಸೆಟ್ಟು, ಡ್ರಿಲ್ಲಿಂಗ್ ಮೆಷಿನ್ ಬಂದ ಮೇಲೆ ಮಿಲ್ಲಿಂಗ್ ಬೇಕೆನಿಸುವುದು ಸಾಮಾನ್ಯವಾಗಿ ಕೀವೇ, ಅಂದರೆ ಕೀ ಕೂರುವ ಗಾಡಿಯ ದೆಸೆಯಿಂದ. 25 ಮಿ.ಮೀ. ಶಾಫ್ಟ್‌ಗೆ ಪುಲ್ಲಿ ಕೂರಿಸಬೇಕು ಎನ್ನಿ. ಅದಕ್ಕೆ 8 ಮಿ.ಮೀ. ಅಗಲದ ಕೀ, ಶಾಫ್ಟ್‌ನಲ್ಲಿ 4 ಮಿ.ಮೀ. ಆಳದ ಗಾಡಿ. ಸಾಮಾನ್ಯ ಬಿಗಿತಕ್ಕೆ ಗಾಡಿಯ ಅಗಲ 8 ಮಿ.ಮೀ. ದಾಟಬಾರದು, ಕಡಿಮೆಯಾದರೂ 0.036 ಮಿ.ಮೀ.ಗಿಂತ ಹೆಚ್ಚು ತಗ್ಗಬಾರದು. ಡ್ರಿಲ್ಲಿಂಗ್ ಮೆಷಿನ್ ಟೇಬಲ್‌ಗೆ ಕ್ರಾಸ್ ವೈಸ್ ಬಿಗಿದು ಎಂಡ್ ಮಿಲ್ ಓಡಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಅದರ ಗೊಡವೆ ಬೇಡ. ಆ ಮೆಷಿನ್ನಿನ ಬೇರಿಂಗ್ ಇರುವುದು ಮೇಲಿನಿಂದ ಬರುವ ಒತ್ತಡಕ್ಕೆ. ಚಕ್ ಬರೀ ಟೇಪರ್‌ನ ಹಿಡಿತದಲ್ಲಿರುತ್ತದೆ; ಪಕ್ಕದಿಂದ ಒತ್ತಿದರೆ ತಿರುಗುತ್ತಲೇ ಕಳಚಿ ಬೀಳಬಹುದು.

ಕೊಳ್ಳುವಾಗ ನಾನು ಮೊದಲು ಕೇಳುವುದು ತೂಕ. ಮೋಟರಿನ ವ್ಯಾಟ್ ಆಮೇಲೆ. ಕಟ್ಟರ್ ಲೋಹವನ್ನು ಒಂದೇ ಸಮನೆ ಕೊಯ್ಯುವುದಿಲ್ಲ, ಪೆಟ್ಟು ಪೆಟ್ಟಾಗಿ ಹೊಡೆಯುತ್ತದೆ. 10 ಮಿ.ಮೀ. ಎಚ್‌ಎಸ್‌ಎಸ್ ಎಂಡ್ ಮಿಲ್ ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ 25 ಮೀಟರ್ ವೇಗದಲ್ಲಿ ಕೊಯ್ಯಬೇಕಾದರೆ ಸುಮಾರು 800 ಸುತ್ತು ತಿರುಗಬೇಕು. ನಾಲ್ಕು ಹಲ್ಲಾದರೆ ನಿಮಿಷಕ್ಕೆ 3,200 ಪೆಟ್ಟು. ಆ ನಡುಕವನ್ನು ನುಂಗಿಕೊಳ್ಳುವುದು ಬೀಡು ಕಬ್ಬಿಣದ ದಪ್ಪ ಮೈ. ಮೈ ತೆಳುವಾದರೆ ಹೆಡ್ ಅದುರುತ್ತದೆ, ಮುಖದ ಮೇಲೆ ಅಲೆ ಅಲೆ ಗೆರೆ ಬೀಳುತ್ತದೆ, ಹಲ್ಲು ಮುರಿಯುತ್ತದೆ.

ಬೆಂಚಿನ ಮೇಲೆ ಕೂರುವ, ಎಕ್ಸ್2 ಮಾದರಿ ಎಂದು ಹೆಸರಾದ ಚೀನಾದ ಮೆಷಿನ್‌ಗಳು 50-60 ಕೆ.ಜಿ. ಆಸುಪಾಸಿನವು. ಅಲ್ಯೂಮಿನಿಯಂ, ಹಿತ್ತಾಳೆಗೆ ಸಾಕು. ಸ್ಟೀಲ್‌ಗೂ ಆಗುತ್ತದೆ, ಆದರೆ ಅರ್ಧರ್ಧ ಮಿಲಿಮೀಟರಾಗಿ ತಾಳ್ಮೆಯಿಂದ ಇಳಿಸಬೇಕು. ಎಕ್ಸ್3 ಮಾದರಿಯದು ಸುಮಾರು 150 ಕೆ.ಜಿ. ಮನೆ ಕೆಲಸಕ್ಕೆ ನನ್ನ ಓಟು ಇದಕ್ಕೇ. ಇನ್ನೂ ಮೇಲೆ 300 ಕೆ.ಜಿ. ಆಜುಬಾಜಿನ ಮಿಲ್-ಡ್ರಿಲ್‌ಗಳಿವೆ. ಇವುಗಳಲ್ಲಿ ದುಂಡು ಕಾಲಮ್ಮಿನದನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಹೆಡ್ ಏರಿಸಿದೊಡನೆ ಅದು ಕಂಬದ ಸುತ್ತ ಒಂಚೂರು ತಿರುಗಿರುತ್ತದೆ; ಡ್ರಿಲ್ ತೆಗೆದು ಉದ್ದದ ರೀಮರ್ ಹಾಕುವಷ್ಟರಲ್ಲಿ ನೀವು ಹಿಡಿದಿದ್ದ ಸೆಂಟರ್ ಕಳೆದುಹೋಗಿರುತ್ತದೆ. ಡವ್‌ಟೇಲ್ ಇರುವ ಚೌಕ ಕಾಲಮ್ಮೇ ಸರಿ.

ಹಳೆಯದನ್ನು ಕೊಳ್ಳುವ ದಾರಿಯೂ ಇದೆ, ಕರ್ನಾಟಕದವರಿಗೆ ಅದು ಸಣ್ಣ ಅನುಕೂಲವಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಶುರುವಾದ ಎಚ್‌ಎಂಟಿ, 1961ರಲ್ಲಿ ಬಂದ ಭಾರತ್ ಫ್ರಿಟ್ಜ್ ವರ್ನರ್ ಎರಡೂ ಬೆಂಗಳೂರಿನವೇ, ಎರಡೂ ಮಿಲ್ಲಿಂಗ್ ಮೆಷಿನ್ ಕಟ್ಟಿದವು. ಸಿಎನ್‌ಸಿ ಬಂದ ಮೇಲೆ ಕಾರ್ಖಾನೆಗಳಿಂದ ಹೊರಬಿದ್ದ ಹಳೆಯ ಮೆಷಿನ್‌ಗಳು ಪೀಣ್ಯದ ಕಡೆ ಈಗಲೂ ಕೈ ಬದಲಾಗುತ್ತವೆ. ಗಟ್ಟಿತನದಲ್ಲಿ ಬೆಂಚ್ ಮೆಷಿನ್ ಅವುಗಳ ಹತ್ತಿರಕ್ಕೂ ಬಾರದು. ಕಷ್ಟವೆಂದರೆ ಅವು ಟನ್ ಲೆಕ್ಕದವು: ಕ್ರೇನ್ ಬೇಕು, ದಪ್ಪ ಕಾಂಕ್ರೀಟ್ ನೆಲ ಬೇಕು, ಶೆಡ್ಡಿನ ಬಾಗಿಲು ಅಳೆದು ನೋಡಿರಬೇಕು. ಹೊಸ ಬಣ್ಣಕ್ಕೆ ಮರುಳಾಗದೆ ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಕೈಯಲ್ಲೇ ಓಡಿಸಿ. ಕೆಲಸವೆಲ್ಲ ನಡೆದಿರುವುದು ನಡುವಿನಲ್ಲಿ, ಹಾಗಾಗಿ ಸವೆತವೂ ಅಲ್ಲೇ. ನಡುವೆ ಸಡಿಲ, ತುದಿಯಲ್ಲಿ ಬಿಗಿ ಎನಿಸಿದರೆ ಜಿಬ್ (ಸಡಿಲು ಹೊಂದಿಸುವ ಪಟ್ಟಿ) ಬಿಗಿದು ಸರಿಮಾಡುವ ಹಂತ ದಾಟಿದೆ ಎಂದರ್ಥ.

ಸ್ಪಿಂಡಲ್ ಟೇಪರ್ ಯಾವುದೆಂದು ಕೊಳ್ಳುವ ಮೊದಲೇ ಕೇಳಿ, ಮುಂದಿನ ಖರ್ಚೆಲ್ಲ ಅದರ ಮೇಲೆ ನಿಂತಿದೆ. ಮೋರ್ಸ್ ಟೇಪರ್ ಕಚ್ಚಿಕೊಂಡರೆ ಡ್ರಾಬಾರ್‌ಗೆ ಸುತ್ತಿಗೆ ಪೆಟ್ಟು ಕೊಟ್ಟೇ ಬಿಡಿಸಬೇಕು, ಆ ಪೆಟ್ಟು ಬೇರಿಂಗ್‌ಗೂ ತಾಗುತ್ತದೆ. ಆರ್8 ವಾಸಿ. ಐಎಸ್‌ಓ 30 ಸಿಕ್ಕರೆ ಇನ್ನೂ ವಾಸಿ, ಅದರ ಓರೆ ಹೆಚ್ಚಿರುವುದರಿಂದ ತಾನಾಗಿ ಬಿಡುತ್ತದೆ. ಟೇಪರ್ ಯಾವುದೇ ಇರಲಿ, ಒಂದು ಇಆರ್32 ಕಾಲೆಟ್ ಚಕ್ ತೆಗೆದುಕೊಂಡರೆ 20 ಮಿ.ಮೀ.ವರೆಗಿನ ಕಟ್ಟರ್ ಹಿಡಿಯುತ್ತದೆ.

ಮೆಷಿನ್ ಬಂತು. ಮೊದಲ ಸುಧಾರಣೆಗೆ ಕಾಸು ಖರ್ಚಿಲ್ಲ. ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ, ಕೈಯಲ್ಲಿ ತಿರುಗಿಸುತ್ತ ಟೇಬಲ್ ಮೇಲೆ 200 ಮಿ.ಮೀ. ವೃತ್ತ ಸುತ್ತಿಸಿ. ನಾಲ್ಕೂ ದಿಕ್ಕಿನಲ್ಲಿ ಮುಳ್ಳು 0.02 ಮಿ.ಮೀ. ಒಳಗೆ ನಿಲ್ಲುವ ತನಕ ಹೆಡ್ ಸರಿಪಡಿಸಿ. ಹೆಡ್ ಓರೆಯಿದ್ದರೆ ದೊಡ್ಡ ಕಟ್ಟರ್ ತೆಗೆದ ಮುಖ ಚಪ್ಪಟೆ ಆಗುವುದಿಲ್ಲ, ನಡುವೆ ತಗ್ಗಾಗುತ್ತದೆ. ಎರಡನೆಯದು ಮಿಲ್ಲಿಂಗ್‌ಗೆಂದೇ ಮಾಡಿದ ವೈಸ್. ಡ್ರಿಲ್ ವೈಸ್ ಬಿಗಿದಾಗ ಅದರ ಓಡುವ ದವಡೆ ಮೇಲಕ್ಕೇಳುತ್ತದೆ, ಜಾಬನ್ನೂ ಎತ್ತುತ್ತದೆ. ಇಲ್ಲಿ ಜುಗ್ಗತನ ಮಾಡಿದವರು ಆಮೇಲೆ ದೂರುವುದು ಮೆಷಿನ್ನನ್ನು.

ಎಕ್ಸ್2 ಕೊಂಡವರು ಹೆಡ್ಡಿನೊಳಗಿನ ಪ್ಲಾಸ್ಟಿಕ್ ಗೇರ್‌ಗಳನ್ನು ತೆಗೆದು ಬೆಲ್ಟ್ ಡ್ರೈವ್ ಹಾಕಿಸಿಕೊಳ್ಳುವುದು ಒಳ್ಳೆಯದು. ಕಟ್ಟರ್ ಸಿಕ್ಕಿಕೊಂಡರೆ ಬೆಲ್ಟ್ ಜಾರುತ್ತದೆ, ಹಲ್ಲು ಉದುರುವುದಿಲ್ಲ, ಗಲಾಟೆಯೂ ಕಡಿಮೆ.

ಡಿಆರ್‌ಓ, ಅಂದರೆ ಟೇಬಲ್ ಎಷ್ಟು ಸರಿಯಿತೆಂದು ಅಂಕಿಯಲ್ಲಿ ತೋರಿಸುವ ಸ್ಕೇಲ್, ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಸ್ಕ್ರೂ ಮತ್ತು ನಟ್ ನಡುವಿನ ಪ್ಲೇ ಲೆಕ್ಕ ಹಾಕುತ್ತ ಕೂರುವುದು ತಪ್ಪುತ್ತದೆ. ಆದರೆ ಅದು ಪ್ಲೇ ತೋರದ ಹಾಗೆ ಮಾಡುತ್ತದೆಯೇ ಹೊರತು ಪ್ಲೇ ತೆಗೆಯುವುದಿಲ್ಲ. ಕಟ್ಟರ್ ತಿರುಗುವ ದಿಕ್ಕಿಗೇ ಜಾಬ್ ಒಯ್ದರೆ ಅದು ಆ ಸಡಿಲಿನಷ್ಟೂ ಟೇಬಲ್ಲನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಸಾದಾ ಸ್ಕ್ರೂ ಇರುವ ಮೆಷಿನ್ನಿನಲ್ಲಿ ದಿಕ್ಕಿಗೆ ಎದುರಾಗಿಯೇ ಫೀಡ್ ಕೊಡಿ.

ಜಾಬನ್ನು ಸಮ ಪಾಲಾಗಿ ತಿರುಗಿಸುವ ಇಂಡೆಕ್ಸಿಂಗ್ ಹೆಡ್ಡಿನ ಲೆಕ್ಕ ನಮ್ಮೂರಿನ ಉದಾಹರಣೆಯಿಂದಲೇ ಕಲಿಯಬಹುದು. 1220ರ ಸುಮಾರಿಗೆ ಕಟ್ಟಿದ ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪಕ್ಕೆ ಹದಿನಾರು ಮೂಲೆಯ ನಕ್ಷತ್ರದ ತಳವಿನ್ಯಾಸವಿದೆ, ಹೊಯ್ಸಳರಲ್ಲೂ ಇದು ಅಪರೂಪ. ವೃತ್ತವನ್ನು ಹದಿನಾರು ಪಾಲು ಮಾಡಿದರೆ ಒಂದು ಪಾಲು 22.5 ಡಿಗ್ರಿ. ಸಾಮಾನ್ಯ ಇಂಡೆಕ್ಸಿಂಗ್ ಹೆಡ್‌ನಲ್ಲಿ ಹಿಡಿ 40 ಸುತ್ತು ಸುತ್ತಿದರೆ ಜಾಬ್ ಒಂದು ಸುತ್ತು. 40ನ್ನು 16ರಿಂದ ಭಾಗಿಸಿ: ಎರಡೂವರೆ. 16 ತೂತಿನ ವೃತ್ತದಲ್ಲಿ ಪಿನ್ ಇಟ್ಟು, ಪ್ರತಿ ಮೂಲೆಗೂ ಎರಡು ಪೂರ್ತಿ ಸುತ್ತು, ಮೇಲೆ 8 ತೂತು. ಹಿಂದಕ್ಕೆ ಮಾತ್ರ ತಿರುಗಿಸಬಾರದು, ವರ್ಮ್‌ನಲ್ಲೂ ಪ್ಲೇ ಇದೆ.

ಸಿಎನ್‌ಸಿ ಮಾಡಿಸುವ ಆಸೆ ಇದ್ದರೆ ಸ್ಟೆಪ್ಪರ್ ಮೋಟರಿಗಿಂತ ಮುಂಚೆ ಬಾಲ್ ಸ್ಕ್ರೂ ಹಾಕಿಸಿ. ಸಡಿಲ ಸ್ಕ್ರೂಗೇ ಮೋಟರ್ ಕಟ್ಟಿದರೆ ಕಂಪ್ಯೂಟರ್ ಕೊಡುವ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಕೊನೆಗೆ ಕರೆಂಟು. ಪೀಣ್ಯದಿಂದ ತಂದ ಮೆಷಿನ್‌ಗೆ ಮೂರು ಫೇಸ್ ಬೇಕು, ಮನೆಗೆ ಇರುವುದು ಸಾಮಾನ್ಯವಾಗಿ ಒಂದೇ. ತೋಟದ ಪಂಪ್‌ಸೆಟ್ ಲೈನಿನತ್ತ ಕಣ್ಣು ಹಾಯುವುದು ಸಹಜ. ಅದು ನೀರಾವರಿಗೆಂದೇ ಕೊಟ್ಟದ್ದು, ದಿನಕ್ಕೆ ಬರುವುದೂ ಕೆಲವೇ ಗಂಟೆ. ಸಣ್ಣ ಮೋಟರಾದರೆ ವಿಎಫ್‌ಡಿ ಹಾಕಿ. ಅದು ಸಿಂಗಲ್ ಫೇಸ್ 230 ವೋಲ್ಟ್ ತೆಗೆದುಕೊಂಡು ಅಷ್ಟೇ ವೋಲ್ಟಿನ ಮೂರು ಫೇಸ್ ಕೊಡುತ್ತದೆ, ವೇಗವನ್ನೂ ಏರಿಳಿಸಬಹುದು. ಮೋಟರಿನ ನೇಮ್ ಪ್ಲೇಟಿನಲ್ಲಿ 230/400 ಎಂದಿದ್ದು, ಪೆಟ್ಟಿಗೆಯಲ್ಲಿ ಆರು ತುದಿಗಳು ಹೊರಗಿದ್ದರೆ ಸ್ಟಾರ್ ಬಿಚ್ಚಿ ಡೆಲ್ಟಾ ಕಟ್ಟಿಸಿ. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ನೇ ಮಾಡಲಿ. ಮೋಟರ್ ಮತ್ತು ವಿಎಫ್‌ಡಿ ನಡುವೆ ಹಳೆಯ ರಿವರ್ಸ್ ಸ್ವಿಚ್ ಉಳಿಸಬೇಡಿ. ಓಡುವಾಗ ಅದನ್ನು ತಿರುವಿದರೆ ವಿಎಫ್‌ಡಿ ಸುಟ್ಟುಹೋಗಬಹುದು. ಅದೇ ಸ್ವಿಚ್ಚಿನ ತಂತಿಗಳನ್ನು ಬಿಡಿಸಿ ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್‌ಗೆ ಎಳೆದರೆ ಹಳೆಯ ಹಿಡಿಯಿಂದಲೇ ಮೆಷಿನ್ನನ್ನು ಹಿಂದೆ ಮುಂದೆ ಓಡಿಸಬಹುದು.