ಹೆಸರಿಲ್ಲದ ಆಕ್ಟೋಪಸ್‌ಗಳ ಬೆನ್ನುಹತ್ತಿ

1998ರಲ್ಲಿ ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಕೆಸರುಗಡಲಿನಲ್ಲಿ, ಮೈತುಂಬ ಕಂದು-ಬಿಳಿ ಪಟ್ಟೆಗಳಿದ್ದ ಆಕ್ಟೋಪಸ್ ಒಂದು ಆಸ್ಟ್ರೇಲಿಯಾದ ವಿಜ್ಞಾನಿ ಮಾರ್ಕ್ ನಾರ್ಮನ್ ಮತ್ತು ಸಂಗಡಿಗರ ಗಮನ ಸೆಳೆಯಿತು. ತೋಳುಗಳನ್ನೆಲ್ಲ ಎಲೆಯಂತೆ ಜೋಡಿಸಿಕೊಂಡು ಅದು ಚಪ್ಪಟೆ ಮೀನಾಗಿ ಈಜುತ್ತಿತ್ತು. ಡ್ಯಾಮ್ಸೆಲ್ ಮೀನು ಮೇಲೆರಗಿದರೆ ಆರು ತೋಳುಗಳನ್ನು ಬಿಲದಲ್ಲಿ ಅಡಗಿಸಿ, ಉಳಿದೆರಡನ್ನು ಆಚೆಗೊಂದು ಈಚೆಗೊಂದು ಚಾಚಿ ಕಡಲಹಾವಿನ ವೇಷ ತೊಡುತ್ತಿತ್ತು.

ಈ ವೇಷಗಾರಿಕೆಯ ಕುರಿತ ಪ್ರಬಂಧ ಹೊರಬಂದದ್ದು 2001ರಲ್ಲಿ. ಥಾಮೋಕ್ಟೋಪಸ್ ಮಿಮಿಕಸ್ ಎಂಬ ಹೆಸರು ದಕ್ಕಿದ್ದು 2005ರಲ್ಲಿ, ನಾರ್ಮನ್ ಮತ್ತು ಅಮೆರಿಕದ ವಿಜ್ಞಾನಿ ಹಾಕ್‌ಬರ್ಗ್ ಅವರಿಂದ.

ಕಂಡದ್ದಕ್ಕೂ ಹೆಸರಿಟ್ಟದ್ದಕ್ಕೂ ನಡುವೆ ಏಳು ವರ್ಷ ಹಿಡಿಯಿತು. ಆಕ್ಟೋಪಸ್ ಪ್ರಭೇದಗಳನ್ನು ಗುರುತಿಸುವುದು ಸುಲಭವಲ್ಲ: ಅವಕ್ಕೆ ಮೂಳೆಯಿಲ್ಲ. ಮದ್ಯಸಾರದ ಜಾಡಿಗೆ ಇಳಿದ ಮೇಲೆ ಬಣ್ಣ ಮಾಸುತ್ತದೆ, ಮೈ ಮುದುಡುತ್ತದೆ. ಹೀಗಾಗಿ ಬೇರೆಬೇರೆ ಪ್ರಭೇದಗಳು ಸಂಗ್ರಹಾಲಯಗಳಲ್ಲಿ ಒಂದೇ ಹೆಸರಿನಡಿ ಬಹುಕಾಲ ಉಳಿದುಬಿಟ್ಟವು. ಅವನ್ನು ಬಿಡಿಸಿ ನೋಡಬೇಕಾದರೆ ತೋಳಿನ ಹೀರುಬಟ್ಟಲುಗಳನ್ನೂ ಕಿವಿರಿನ ಎಸಳುಗಳನ್ನೂ ಎಣಿಸಬೇಕು. ಕೊಕ್ಕನ್ನು, ವೀರ್ಯ ದಾಟಿಸುವ ಗಂಡಿನ ತೋಳತುದಿಯನ್ನು ಪರೀಕ್ಷಿಸಬೇಕು. ಕೊನೆಗೆ ಒಂದು ಮಾದರಿಯನ್ನು ಆ ಹೆಸರಿನ ಆಧಾರವಾಗಿ ಸಂಗ್ರಹಾಲಯದಲ್ಲಿ ಕಾಪಿಡಬೇಕು.

ನಾರ್ಮನ್ ಈ ಕೆಲಸಕ್ಕೆ ನೀರಿನೊಳಗಿನ ನೋಟವನ್ನೂ ಬೆಸೆದರು. 1992ರಲ್ಲಿ ಅವರು ಉತ್ತರ ಆಸ್ಟ್ರೇಲಿಯಾದ ಅಮೆಲೋಕ್ಟೋಪಸ್ ಲಿಟೊರಾಲಿಸ್ ಅನ್ನು ವಿವರಿಸಿದರು. ಅದಕ್ಕೆ ಮಸಿಚೀಲವೇ ಇಲ್ಲ. ವೈರಿ ಹಿಡಿದರೆ ತೋಳನ್ನೇ ಕಳಚಿಕೊಟ್ಟು ಪಾರಾಗುತ್ತದೆ. 2002ರಲ್ಲಿ ಅವರ ತಂಡ ಬ್ಲಾಂಕೆಟ್ ಆಕ್ಟೋಪಸ್‌ನ ಜೀವಂತ ಗಂಡನ್ನು ಮೊದಲ ಬಾರಿಗೆ ಕಂಡ ವರದಿ ಪ್ರಕಟಿಸಿತು. ಹೆಣ್ಣು ಎರಡು ಮೀಟರ್‌ವರೆಗೆ ಬೆಳೆದರೆ ಗಂಡು 2.4 ಸೆಂಟಿಮೀಟರ್ ಮಾತ್ರ! 2006ರಲ್ಲಿ ಹಾಕ್‌ಬರ್ಗ್, ನಾರ್ಮನ್ ಮತ್ತು ಜೂಲಿಯನ್ ಫಿನ್ ಹೆಸರಿಟ್ಟ ವಂಡರ್‌ಪಸ್ ಫೋಟೋಜೆನಿಕಸ್ ಅಂತೂ ಛಾಯಾಗ್ರಾಹಕರಿಗೆ ಮೊದಲೇ ಪರಿಚಿತವಾಗಿತ್ತು. ಮೈಮೇಲಿನ ಬಿಳಿ ಗುರುತುಗಳಿಂದ ಅದರಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಗುರುತಿಸಬಹುದು.

ಹೆಸರಿಡುವುದು ಬರಿಯ ಶಾಸ್ತ್ರವಲ್ಲ. ಇಂದಿಗೂ ಜಗತ್ತಿನ ಮೀನುಗಾರಿಕೆ ಲೆಕ್ಕಗಳಲ್ಲಿ ಹಲವು ಪ್ರಭೇದಗಳು 'ಆಕ್ಟೋಪಸ್' ಎಂಬ ಒಂದೇ ಸಾಲಿನಲ್ಲಿ ಸೇರಿಹೋಗುತ್ತವೆ. ಯಾವುದು ಹೇರಳವಾಗಿದೆ, ಯಾವುದು ಕ್ಷೀಣಿಸುತ್ತಿದೆ ಎಂಬುದು ಆ ಸಾಲಿನಿಂದ ತಿಳಿಯದು. ಕಡಲಜೀವಿಗಳನ್ನು ಉಳಿಸಬೇಕೆಂಬ ಮಾತು ನಿಜವಾದರೆ, ಅವನ್ನು ಗುರುತಿಸಿ ಹೆಸರಿಡುವ ವಿಜ್ಞಾನಿಗಳನ್ನೂ ಮಾದರಿಗಳನ್ನು ಕಾಯುವ ಸಂಗ್ರಹಾಲಯಗಳನ್ನೂ ಮೊದಲು ಉಳಿಸಿಕೊಳ್ಳಬೇಕು.