ಸೆಕೆಂಡಿನ ಚೂರುಗಳ ಕಸುಬು

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಗುಡಿ, ಮಂಟಪಗಳ ಚಿತ್ರ ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಆ ಕಾಗದಕ್ಕೆ ದೀರ್ಘ ಹೊತ್ತು ಬೆಳಕು ಬೇಕಿತ್ತು. ಲೆನ್ಸಿನ ಮುಚ್ಚಳ ತೆಗೆದು, ಕಾದು, ಮತ್ತೆ ಮುಚ್ಚಿದರೆ ಸಾಕಾಗುತ್ತಿದ್ದ ಕಾಲವದು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಒಣ ಫಲಕದ ದಾರಿ ತೋರಿಸಿದ ಮೇಲೆ ಎಲ್ಲ ಬದಲಾಯಿತು. ಮುಂದಿನ ದಶಕದಲ್ಲಿ ಫಲಕಗಳು ಎಷ್ಟು ಚುರುಕಾದವೆಂದರೆ, ಸೆಕೆಂಡಿನ ಸಣ್ಣ ಪಾಲನ್ನು ಅಳೆದು ಕೊಡುವುದು ಕೈಯಿಂದ ಆಗದ ಕೆಲಸವಾಯಿತು. ಆ ಹೊಣೆ ಶಟರ್‌ನ ಹೆಗಲೇರಿತು.

ದೊಡ್ಡ ಫಾರ್ಮ್ಯಾಟ್ ಕ್ಯಾಮೆರಾಗಳ ಲೋಕದಲ್ಲಿ ಬಹುಕಾಲ ಬಾಳಿದ ಶಟರ್‌ಗಳ ಪೈಕಿ ಕಾಂಪುರ್ ಮುಖ್ಯವಾದದ್ದು. ಜರ್ಮನಿಯ ಮ್ಯೂನಿಕ್‌ನ ಫ್ರೆಡ್ರಿಕ್ ಡೆಕೆಲ್ ಕಾರ್ಖಾನೆ ಇದನ್ನು 1912ರಲ್ಲಿ ಹೊರತಂದಿತು. ಅದೇ ಕಾರ್ಖಾನೆಯ ಹಿಂದಿನ ಕಾಂಪೌಂಡ್ ಶಟರ್‌ನಲ್ಲಿ ಪುಟ್ಟ ಕೊಳವೆಯೊಳಗಿನ ಗಾಳಿಯ ಒತ್ತಡವೇ ವೇಗಕ್ಕೆ ಕಡಿವಾಣ. ಕಾಂಪುರ್‌ನಲ್ಲಿ ಗಾಳಿಯ ಜಾಗಕ್ಕೆ ಗಡಿಯಾರದಂಥ ಹಲ್ಲುಚಕ್ರಗಳು ಬಂದವು.

ಮುಚ್ಚಳದ ಕೆಳಗೆ

ಮುಂಭಾಗದ ತಟ್ಟೆ ತೆಗೆದರೆ ಮೊದಲು ಕಾಣುವುದು ಮೆಟ್ಟಿಲು ಮೆಟ್ಟಿಲಾಗಿ ಸೀಳು ಕೊರೆದ ಒಂದು ಉಂಗುರ. ಹೊರಗಿನ ಅಂಕಿ ತಿರುಗಿಸಿದಾಗ ತಿರುಗುವುದು ಇದೇ. ಸೀಳುಗಳೊಳಗೆ ಸಣ್ಣ ಮೊಳೆಗಳು ಏರಿಳಿಯುತ್ತವೆ. ಹಲ್ಲುಚಕ್ರಗಳ ಸಾಲು ಎಷ್ಟು ಹೊತ್ತು ಅಡ್ಡ ನಿಲ್ಲಬೇಕೆಂದು ನಿರ್ಧರಿಸುವುದು ಇವೇ. ಒಂದು ಸೆಕೆಂಡಿಗಿಟ್ಟು ಗುಂಡಿ ಒತ್ತಿದರೆ ಝರ್ರ್ ಎಂಬ ಸದ್ದು ಕೇಳುತ್ತದಲ್ಲ, ಅದು ಸಾಲಿನ ಕೊನೆಯ ನಕ್ಷತ್ರಚಕ್ರಕ್ಕೆ ಪುಟ್ಟ ಕೊಂಡಿ ಬಡಿಯುವ ಸದ್ದು. ವೇಗ ಹೆಚ್ಚಿದಂತೆ ಕೊಂಡಿ ದೂರ ಸರಿಯುತ್ತದೆ. ಅತಿ ವೇಗದಲ್ಲಿ ಚಕ್ರಗಳ ತಡೆಯೇ ಇರುವುದಿಲ್ಲ; ಸ್ಪ್ರಿಂಗ್ ತನ್ನ ಪೂರ್ತಿ ಬಲದಿಂದ ತೆಳು ಉಕ್ಕಿನ ಎಲೆಗಳನ್ನು ತೆರೆದು ಮುಚ್ಚುತ್ತದೆ.

ಹಳೆಯ ಶಟರ್ ನಿಧಾನವಾಗಲು ಸಾಮಾನ್ಯ ಕಾರಣ ಅಂಟಾದ ಎಣ್ಣೆ. ಅದಕ್ಕೆ ಮತ್ತಷ್ಟು ಎಣ್ಣೆ ಬಿಡುವುದು ದೊಡ್ಡ ತಪ್ಪು. ಎಲೆಗಳಿಗೆ ಹರಡಿದ ಎಣ್ಣೆ ಅವನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಬಲ್ಲವರು ಹಲ್ಲುಚಕ್ರದ ಘಟಕವನ್ನು ಹೊರತೆಗೆದು ಲೈಟರ್ ದ್ರವದಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಚ್ಚುಗಳ ತುದಿಗೆ ಮಾತ್ರ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ತಾಗಿಸುತ್ತಾರೆ. ಎಲೆಗಳು ಒಣಗಿಯೇ ಇರಬೇಕು. ಎಷ್ಟೋ ಶಟರ್‌ಗಳು ಇಷ್ಟರಿಂದಲೇ ದಾರಿಗೆ ಬರುತ್ತವೆ.

ಅಳತೆಯೇ ಅರ್ಧ ಕೆಲಸ

ಆದರೆ ದಾರಿಗೆ ಬಂತೆಂದು ತಿಳಿಯುವುದು ಹೇಗೆ? ಹಳಬರ ಒಂದು ಉಪಾಯ ಗ್ರಾಮೋಫೋನ್. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಮೇಲಿನ ಬಿಳಿ ಗುರುತು ಸೆಕೆಂಡಿಗೆ 200 ಡಿಗ್ರಿ ಚಲಿಸುತ್ತದೆ. 1/5 ಸೆಕೆಂಡಿಗೆ ಚಿತ್ರ ತೆಗೆದಾಗ ಗುರುತು 40 ಡಿಗ್ರಿಯ ಕಮಾನು ಮೂಡಿಸಬೇಕು. 60 ಡಿಗ್ರಿ ಮೂಡಿದರೆ ಶಟರ್ ತೆರೆದಿದ್ದದ್ದು 0.3 ಸೆಕೆಂಡ್, ಅಂದರೆ ಅರ್ಧ ಸ್ಟಾಪಿಗಿಂತ ತುಸು ಹೆಚ್ಚು ಬೆಳಕು. ಈಗ ಸೆಕೆಂಡಿಗೆ 240 ಚೌಕಟ್ಟು ಸೆರೆಹಿಡಿಯುವ ಮೊಬೈಲ್‌ನಲ್ಲೂ ಎಣಿಸಬಹುದು; 1/5 ಸೆಕೆಂಡಿಗೆ ಸುಮಾರು 48 ಚೌಕಟ್ಟುಗಳಲ್ಲಿ ಎಲೆಗಳು ತೆರೆದಿರಬೇಕು. ವೇಗದ ಅಂಕಿಗಳಿಗೆ ಮಾತ್ರ ಬೆಳಕಿನ ಸೆನ್ಸರ್ ಇರುವ ಉಪಕರಣವೇ ಬೇಕು.

ಅಳೆದ ಮೇಲೆ ತಿದ್ದುಪಡಿ. ನಿಧಾನ ವೇಗಗಳು ತಪ್ಪಿದ್ದರೆ, ಕೊಂಡಿ ನಕ್ಷತ್ರಚಕ್ರದೊಳಗೆ ಎಷ್ಟು ಆಳ ಕೂರುತ್ತದೆಂಬುದನ್ನು ಕೂದಲೆಳೆಯಷ್ಟು ಹೊಂದಿಸಲು ಹಲವು ಶಟರ್‌ಗಳಲ್ಲಿ ಅವಕಾಶವಿದೆ. ಒಮ್ಮೆಗೆ ಒಂದೇ ಬದಲಾವಣೆ, ಮತ್ತೆ ಅಳತೆ. ಅತಿ ವೇಗದ ಅಂಕಿಗೆ ಈ ಮದ್ದು ನಾಟದು. ದಶಕಗಳ ಕಾಲ ದುಡಿದ ಸ್ಪ್ರಿಂಗ್ ಸೋತಿದ್ದರೆ ಅದರ ಹಳೆಯ ಕಸುವನ್ನು ಯಾರೂ ಮರಳಿಸಲಾರರು. 1/200 ಎಂದು ಬರೆದಲ್ಲಿ 1/125 ಸಿಕ್ಕರೆ ಅದನ್ನು ಒಪ್ಪಿಕೊಳ್ಳುವುದೇ ಜಾಣತನ.

ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲುವುದಲ್ಲ. ಅನುಭವಿಗಳು ಪ್ರತಿ ಅಂಕಿಯನ್ನೂ ಹಲವು ಸಲ ಅಳೆದು, ನಿಜವಾದ ವೇಗವನ್ನು ಚೀಟಿಯಲ್ಲಿ ಬರೆದು ಲೆನ್ಸಿನ ಹಲಗೆಗೆ ಅಂಟಿಸಿಡುತ್ತಾರೆ. ಅವರು ಹುಡುಕುವ ಗುಣ ಒಂದೇ: ಪ್ರತಿಸಲವೂ ಒಂದೇ ಉತ್ತರ. ಸದಾ ಒಂದೇ ಪ್ರಮಾಣದಲ್ಲಿ ತಡವಾಗುವ ಶಟರ್‌ಗೆ ಅಪರ್ಚರ್ ತುಸು ಕಿರಿದಾಗಿಸಿ ಲೆಕ್ಕ ಸರಿಮಾಡಬಹುದು. ಒಮ್ಮೆ ಸರಿಯಾಗಿ, ಮತ್ತೊಮ್ಮೆ ತಡವಾಗಿ ಓಡುವ ಶಟರ್‌ನಿಂದ ಏನೂ ಪ್ರಯೋಜನವಿಲ್ಲ. ಕಪ್ಪು–ಬಿಳುಪು ಫಿಲ್ಮ್ ಹೆಚ್ಚು ಬೆಳಕನ್ನು ಸ್ವಲ್ಪ ಸಹಿಸೀತು. ಬಣ್ಣದ ಸ್ಲೈಡ್ ಅರ್ಧ ಸ್ಟಾಪಿನ ತಪ್ಪನ್ನೂ ತೋರಿಸಿಬಿಡುತ್ತದೆ.

ಕಾಂಪುರ್ ಶಟರ್‌ಗಳ ತಯಾರಿಕೆ ನಿಂತು ದಶಕಗಳಾದವು. ಜಪಾನಿನ ಕೊಪಾಲ್ ಕೂಡ ದೊಡ್ಡ ಫಾರ್ಮ್ಯಾಟ್ ಶಟರ್‌ಗಳನ್ನು ಮಾಡುವುದನ್ನು ನಿಲ್ಲಿಸಿದೆ. ಬಿಡಿಭಾಗ ಬೇಕೆಂದರೆ ಇನ್ನೊಂದು ಕೆಟ್ಟ ಶಟರನ್ನೇ ಬಿಚ್ಚಬೇಕು. ಹೀಗಾಗಿ ಇಂದು 4×5 ಇಂಚಿನ ಹಾಳೆಯ ಮೇಲೆ ಚಿತ್ರ ತೆಗೆಯಲು ಹೊರಡುವವರು ಅಳೆಯುವುದನ್ನೂ ತೊಳೆಯುವುದನ್ನೂ ಬರೆದಿಡುವುದನ್ನೂ ಕಲಿಯಲೇಬೇಕು. ಹಾಗೆ ಕಲಿತವರ ಕೈಯಲ್ಲಿ ನೂರು ವರ್ಷದ ಯಂತ್ರವೊಂದು ಇನ್ನೂ ನಂಬಿಕೆಯಿಂದ ದುಡಿಯಬಲ್ಲದು.